ಬೆಟ್ಟದೂರಿನ ಅತಿಥಿ ಸತ್ಕಾರದಲ್ಲಿ ಯಾರಿಗೆ ಪಾಲು?

(ಅಂತಾರಾಷ್ಟ್ರೀಯ ಪರ್ವತ ದಿನದ ಅಂಗವಾಗಿ ಕೊಡಗು ಜಿಲ್ಲೆಯ ಗ್ರಾಮ ಪಂಚಾಯಿತಿ ಪ್ರತಿನಿಧಿಗಳಿಗೆ ನೀಡಿದ ಉಪನ್ಯಾಸದ ಪಠ್ಯ)



ವಿಶ್ವಸಂಸ್ಥೆಯು 2002ನೇ ಇಸವಿಯನ್ನು ಏಕಕಾಲಕ್ಕೆ ಪರ್ವತಗಳ ವರ್ಷವೆಂದೂ ಪರಿಸರ ಪ್ರವಾಸೋದ್ಯಮದ ವರ್ಷವೆಂದೂ ಘೋಷಿಸಿತ್ತು. ಇಂತಹ ಘೋಷಣೆಗಳು ಬಹುಮಟ್ಟಿಗೆ ಕಡತದಲ್ಲಿಯೇ ಉಳಿಯುತ್ತವೆ. ಆದರೆ ಅದೇ ವರ್ಷ ಲಡಾಖಿನಲ್ಲಿ ಆರಂಭವಾದ ಒಂದು ಸಣ್ಣ ಕಾರ್ಯವನ್ನು ತಮ್ಮ ಮುಂದಿಡಬಯಸುತ್ತೇನೆ.

ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗಿನ ರುಂಬಾಕ್ ಗ್ರಾಮವು ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿದೆ. ಬಾರ್ಲಿ ಬೇಸಾಯ, ಕುರಿ ಮೇಕೆಗಳ ಸಾಕಣೆ ಅಲ್ಲಿನ ಜೀವನಾಧಾರ. ಹಿಮಚಿರತೆಯು ದೊಡ್ಡಿಗೆ ನುಗ್ಗಿ ಜಾನುವಾರುಗಳನ್ನು ಕೊಂದರೆ ನಷ್ಟ ಊರಿನವರದು. ಅದನ್ನು ನೋಡಲು ಬರುವ ಚಾರಣಿಗರ ಡೇರೆ, ಅಡುಗೆಯವರು, ದಿನಸಿ ಎಲ್ಲವೂ ಲೇಹ್ ಪಟ್ಟಣದಿಂದ ಬರುತ್ತಿದ್ದುದರಿಂದ, ಲಾಭ ಪಟ್ಟಣದವರದು. ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಸಂಸ್ಥೆಯ ನೆರವಿನಿಂದ ಗ್ರಾಮಸ್ಥರು ತಮ್ಮ ಮನೆಗಳಲ್ಲಿಯೇ ಅತಿಥಿಗಳಿಗೆ ವಸತಿ ನೀಡಲಾರಂಭಿಸಿದರು. ಮನೆಯ ಹೆಂಗಸರೇ ಈ ಕಾರ್ಯದ ಸೂತ್ರಧಾರಿಗಳು.

ಇಲ್ಲಿ ಗಮನಾರ್ಹವಾದುದು ವಸತಿಯಲ್ಲ, ಅದರ ಕಟ್ಟಳೆ. ಅತಿಥಿಗಳು ಸರದಿಯ ಮೇರೆಗೆ ಮನೆಮನೆಗೆ ಹಂಚಿಕೆಯಾಗುತ್ತಾರೆ. ದಾರಿಗೆ ಹತ್ತಿರವಿರುವ ಮನೆಗೆ, ಇಂಗ್ಲಿಷ್ ಬಲ್ಲ ಮಗನಿರುವ ಮನೆಗೆ ಮಾತ್ರ ಎಲ್ಲರೂ ಹೋಗುವಂತಿಲ್ಲ. ಆದಾಯದ ಶೇ. 10ರಷ್ಟು ಗ್ರಾಮದ ಸಂರಕ್ಷಣಾ ನಿಧಿಗೆ ಸಲ್ಲುತ್ತದೆ. ಹೀಗಾಗಿ ಹಿಮಚಿರತೆ ಉಳಿಯುವುದರಲ್ಲಿ ಪ್ರತಿ ಮನೆಗೂ ಪಾಲು ದೊರೆಯಿತು. ಸರದಿಯಿಂದ ಹೊರಗುಳಿದ ಮನೆಯೊಂದಿದ್ದರೆ ಅದು ಚಿರತೆಯನ್ನು ಏಕೆ ಸಹಿಸಬೇಕು?

ಇದನ್ನು ಇದ್ದಂತೆಯೇ ಕೊಡಗಿಗೆ ತರಲಾಗದು. ರುಂಬಾಕಿನಲ್ಲಿ ಬಹುತೇಕ ಪ್ರತಿ ಕುಟುಂಬಕ್ಕೂ ಸ್ವಂತ ಮನೆ, ಸ್ವಂತ ಹೊಲ. ನಮ್ಮಲ್ಲಿ ಹೋಂಸ್ಟೇ ನಡೆಸಲು ತೋಟ ಬೇಕು, ತೋಟದಲ್ಲೊಂದು ಹೆಚ್ಚುವರಿ ಕೋಣೆ ಬೇಕು. ಲೈನ್‌ಮನೆಯಲ್ಲಿ ವಾಸಿಸುವ ಎರವ ಅಥವಾ ಜೇನುಕುರುಬ ಕುಟುಂಬಕ್ಕೆ ಅತಿಥಿಯ ಸರದಿ ಬರುವುದಾದರೂ ಹೇಗೆ? ಅವರಿಗೆ ಬರುವುದು ಹಾಸಿಗೆ ಒಗೆಯುವ, ಪಾತ್ರೆ ತೊಳೆಯುವ ಸರದಿ. ಆ ದುಡಿಮೆಗೆ ನ್ಯಾಯವಾದ ಕೂಲಿ, ಲಿಖಿತ ಲೆಕ್ಕ, ವಾರದ ರಜೆ ಇವೆಯೇ ಎಂಬುದು ಪ್ರವಾಸಿಗರ ಸಂಖ್ಯೆಯಷ್ಟೇ ಮುಖ್ಯವಾದ ಅಂಕಿಅಂಶ. ಆದರೆ ಯಾವ ವರದಿಯಲ್ಲಿಯೂ ಅದಕ್ಕೊಂದು ಕಲಮಿರುವುದಿಲ್ಲ. ಚಾರಣದ ಮಾರ್ಗದರ್ಶನ, ಜೇನು ಹಾಗೂ ಕಾಡುತ್ಪನ್ನಗಳ ಮಾರಾಟ, ಇವುಗಳಲ್ಲಿ ಅವರಿಗೆ ಮೊದಲ ಹಕ್ಕು ದೊರೆಯಬೇಕೆಂಬುದು ನನ್ನ ಅಭಿಪ್ರಾಯ. ಕಾಡಿನ ದಾರಿಯನ್ನು ಅವರಿಗಿಂತ ಬಲ್ಲವರಾದರೂ ಯಾರು?

ಮಂದಲಪಟ್ಟಿಯ ಜೀಪುಗಳ ವಿಚಾರವೂ ಇಂಥದೇ. ಸ್ಥಳೀಯ ತರುಣರಿಗೆ ಅದರಿಂದ ಉದ್ಯೋಗ ದೊರೆತಿದೆ, ಅದು ಸಂತೋಷ. ರಸ್ತೆಬದಿಯ ಮನೆಗಳ ಪಾಲಿಗೆ ಧೂಳು, ಸದ್ದು.

2018ರ ಆಗಸ್ಟ್ ತಿಂಗಳ ಭೂಕುಸಿತದ ತರುವಾಯ ಪ್ರವಾಸಿಗರು ಬಾರದೇ ಹೋದಾಗ ಈ ಉದ್ಯಮವನ್ನೇ ನೆಚ್ಚಿದ ಮನೆಗಳು ಎಷ್ಟು ಬೇಗ ಬರಿದಾಗುತ್ತವೆ ಎಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಕಾಫಿ, ಕರಿಮೆಣಸು, ಭತ್ತದ ಗದ್ದೆಗಳನ್ನು ಬಿಟ್ಟು ಕೋಣೆಗಳನ್ನೇ ಬೆಳೆಯುವುದು ವಿವೇಕವಲ್ಲ.

ಹೋಂಸ್ಟೇಗಳ ನೋಂದಣಿ ಪ್ರವಾಸೋದ್ಯಮ ಇಲಾಖೆಯದು, ನಿಜ. ಆದರೆ ಕುಡಿಯುವ ನೀರು, ಕಸ, ಗ್ರಾಮದ ರಸ್ತೆ ಪಂಚಾಯಿತಿಯವು. ಆದ್ದರಿಂದ ಬರುವ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯ ಸೇರಿಸಿರೆಂದು ವಿನಂತಿಸುತ್ತೇನೆ. ಊರಿನಲ್ಲಿ ಅತಿಥಿಗಳಿಗಾಗಿ ಎಷ್ಟು ಕೋಣೆಗಳಿವೆ, ಅವುಗಳಿಗೆ ಯಾವ ಬಾವಿ ಅಥವಾ ಕೊಳವೆಬಾವಿಯ ನೀರು ಹೋಗುತ್ತದೆ, ಮಾರ್ಚ್ ತಿಂಗಳಲ್ಲಿ ಅದೇ ಜಲಮೂಲವನ್ನು ನಂಬಿರುವ ಲೈನ್‌ಮನೆಗಳು ಎಷ್ಟು? ಈ ಲೆಕ್ಕವನ್ನು ಸಭೆಯಲ್ಲಿ ಓದಿಸಿರಿ. ಆ ಸಭೆಯನ್ನು ಕೂಲಿಯವರು ಬರಬಹುದಾದ ದಿನ, ಬರಬಹುದಾದ ಹೊತ್ತಿಗೇ ಕರೆಯಿರಿ.