ಹೊಲ ಕಾಯುವ ಗೂಗೆಗಳು: ಕೊಪ್ಪಳ ಸೀಮೆಯಲ್ಲಿ ಅವುಗಳನ್ನು ಗುರುತಿಸುವ ಬಗೆ



ಗೂಗೆಯು ಅಪಶಕುನದ ಪಕ್ಷಿಯೆಂಬ ನಂಬಿಕೆಯು ನಾಡಿನಲ್ಲಿ ಬಹಳ ಹಳೆಯದು. ಅದು ಮಾಳಿಗೆಯ ಮೇಲೆ ಕುಳಿತರೆ ಮನೆಗೆ ಕೇಡೆಂದು ಹೇಳುವರು. ಕೂಗಿದರೆ ಕಲ್ಲು ಬೀರುವರು. ಆದರೆ ಆ ಪಕ್ಷಿಯು ಮಾಳಿಗೆಗೆ ಬಂದುದೇತಕ್ಕೆ ಎಂದು ವಿಚಾರಿಸುವವರು ವಿರಳ. ಕಾಳು ಇದ್ದಲ್ಲಿ ಇಲಿ ಸೇರುವುದು. ಇಲಿ ಇದ್ದಲ್ಲಿಗೆ ಗೂಗೆ ಬರುವುದು. ಕೇಡು ಗೂಗೆಯಿಂದ ಬಂದುದಲ್ಲ. ಮೊದಲೇ ಮನೆ ಹೊಕ್ಕಿದ್ದ ಕೇಡನ್ನು ಹಿಡಿಯಲು ಗೂಗೆಯು ಬಂದಿರುವುದು.

ಕೊಪ್ಪಳದ ಸೀಮೆಯು ಇಲಿಗಳಿಗೂ ಗೂಗೆಗಳಿಗೂ ಅನುಕೂಲವಾದ ಭೂಮಿ. ಗಂಗಾವತಿ, ಕಾರಟಗಿಗಳ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವುದು. ಯಲಬುರ್ಗಾ, ಕುಕನೂರುಗಳ ಎರೆಭೂಮಿಯಲ್ಲಿ ಹಿಂಗಾರಿಯ ಜೋಳ, ಕಡಲೆ. ಕುಷ್ಟಗಿಯ ಮಸಾರಿಯಲ್ಲಿ ಸಜ್ಜೆ, ಶೇಂಗಾ. ಈ ಹೊಲಗಳ ನಡುನಡುವೆ ಬಂಡೆಗಲ್ಲಿನ ಗುಡ್ಡಗಳೂ, ಹಳೆಯ ಕೋಟೆಗಳೂ, ಹಳ್ಳದ ಕಡಿದಾದ ದಂಡೆಗಳೂ, ಪೊಟರೆಬಿದ್ದ ಬೇವು, ಹುಣಿಸೆ, ಆಲದ ಮರಗಳೂ ಇವೆ. ಇವೆಲ್ಲ ಗೂಗೆಯ ವಾಸಸ್ಥಾನಗಳು. ರೈತನು ಮುಖ್ಯವಾಗಿ ನಾಲ್ಕು ಜಾತಿಗಳನ್ನು ಗುರುತಿಸಲು ಕಲಿತರೆ ಸಾಕು.

ಮೊದಲನೆಯದು ಹಾಲಕ್ಕಿ. ಇದು ಎಂಟು ಅಂಗುಲದ ಸಣ್ಣ ಗೂಗೆ, ಗೊರವಂಕದಷ್ಟು ದೊಡ್ಡದು. ಕಂದು ಮೈಯ ಮೇಲೆ ಬಿಳಿಯ ಚುಕ್ಕೆಗಳು, ಗುಂಡು ತಲೆ, ಹಳದಿ ಕಣ್ಣು. ಸಂಜೆಯ ಬೆಳಕು ಇರುವಾಗಲೇ ಪೊಟರೆಯ ಬಾಯಿಗೆ ಬಂದು ಕುಳಿತು, ಮನುಷ್ಯನನ್ನು ಕಂಡು ತಲೆಯನ್ನು ಮೇಲೆ ಕೆಳಗೆ ಆಡಿಸುವುದು. ಎರಡು ಮೂರು ಕೂಡಿ ಕಿಚಕಿಚನೆ ಗದ್ದಲ ಮಾಡುವುವು. ಬುಡಬುಡಿಕೆಯವನು ನಸುಕಿನಲ್ಲಿ ಮನೆಯ ಮುಂದೆ ನಿಂತು ಶಕುನ ಹೇಳುವುದು ಈ ಹಕ್ಕಿಯ ಹೆಸರಿನಲ್ಲಿಯೇ. ಇದರ ಆಹಾರದಲ್ಲಿ ಹುಳು, ದುಂಬಿ, ಮಿಡತೆಗಳೇ ಹೆಚ್ಚು. ಸಣ್ಣ ಇಲಿಗಳನ್ನೂ ಹಿಡಿಯುವುದು.

ಎರಡನೆಯದು ಕಣಜದ ಗೂಗೆ. ಉದ್ದ ಸುಮಾರು ಹದಿನಾಲ್ಕು ಅಂಗುಲ. ಬಿಳಿಯ ಮುಖವು ಅರಳಿಯ ಎಲೆಯ ಆಕಾರದಲ್ಲಿರುವುದು; ಕಣ್ಣುಗಳು ಕಪ್ಪು; ಹೊಟ್ಟೆಯು ಬಿಳುಪು, ಬೆನ್ನು ಹೊಂಬಣ್ಣ ಬೆರೆತ ಬೂದು. ಇದು ಗುಟುರು ಹಾಕುವುದಿಲ್ಲ; ಕರ್ಕಶವಾಗಿ ಚೀರುವುದು. ಕೋಟೆಯ ಬುರುಜು, ಹಾಳು ವಾಡೆ, ಗುಡಿಯ ಶಿಖರ, ಬಾವಿಯ ಗೋಡೆಯ ಸಂದು ಇದರ ಮನೆಗಳು. ಮರಿಗಳು ಬುಸುಗುಟ್ಟುವುದರಿಂದ ಅಲ್ಲಿ ಹಾವಿದೆಯೆಂದೋ ದೆವ್ವವಿದೆಯೆಂದೋ ಜನರು ಭ್ರಮಿಸುವುದುಂಟು. ಇಲಿಯೇ ಇದರ ಮುಖ್ಯ ಆಹಾರವಾದುದರಿಂದ ರೈತನಿಗೆ ಇದಕ್ಕಿಂತ ಹತ್ತಿರದ ಗೂಗೆ ಬೇರೊಂದಿಲ್ಲ.

ಮೂರನೆಯದು ಕೊಂಬಿನ ಗೂಗೆ. ಇದು ಇಪ್ಪತ್ತೆರಡು ಅಂಗುಲದಷ್ಟು ಬೆಳೆಯುವ ಭಾರಿ ಪಕ್ಷಿ. ತಲೆಯ ಮೇಲೆ ಕಾಣುವ ಎರಡು ಕೊಂಬುಗಳು ಕೊಂಬೂ ಅಲ್ಲ, ಕಿವಿಯೂ ಅಲ್ಲ, ಗರಿಯ ಗೊಂಚಲುಗಳು. ಕಣ್ಣು ಕಿತ್ತಳೆಯ ಬಣ್ಣ. ಕಾಲುಗಳು ಬೆರಳಿನವರೆಗೆ ಗರಿ ಹೊದ್ದಿರುವುವು. ಕತ್ತಲಾದ ಮೇಲೆ ಗುಡ್ಡದ ಬಂಡೆಯ ತುದಿಯಿಂದ 'ಬು—ಬೂ' ಎಂಬ ಆಳವಾದ ಧ್ವನಿಯು ದೂರದವರೆಗೆ ಕೇಳಿಸುವುದು. ಆನೆಗೊಂದಿ, ಹಿರೇಬೆಣಕಲ್ಲುಗಳ ಕಡೆಯಂಥ ಬಂಡೆಗುಡ್ಡಗಳು ಇದಕ್ಕೆ ಒಪ್ಪುವ ನೆಲ. ಹೊಳೆಯಾಚೆಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾದ ಗುಡ್ಡಗಳಲ್ಲಿಯೂ ಇದು ವಾಸಿಸುವುದು. ಪುಣೆಯ ಸುತ್ತಿನ ಬಯಲುಗಳಲ್ಲಿ ಪಕ್ಷಿಶಾಸ್ತ್ರಜ್ಞರು ಇದರ ಆಹಾರವನ್ನು ಪರೀಕ್ಷಿಸಿದಾಗ, ಬೇಸಾಯದ ಭೂಮಿಯಲ್ಲಿ ಇಲಿ ಹೆಗ್ಗಣಗಳೇ ಅದರ ಮುಖ್ಯ ಬೇಟೆಯೆಂದು ಕಂಡುಬಂದಿತು.

ನಾಲ್ಕನೆಯದು ಮೀನುಗೂಗೆ. ಗಾತ್ರದಲ್ಲಿ ಕೊಂಬಿನ ಗೂಗೆಯಷ್ಟೇ ಇದ್ದು ಕೊಂಬುಗಳೂ ಇರುವುದರಿಂದ ಒಂದನ್ನು ಮತ್ತೊಂದೆಂದು ತಿಳಿಯುವ ಸಂಭವವುಂಟು. ಆದರೆ ಇದರ ಕಣ್ಣು ಹಳದಿ, ಕಾಲುಗಳು ಬರಿಯವು. ನೀರಿನ ಆಸರೆಯನ್ನು ಬಿಟ್ಟಿರದು. ತುಂಗಭದ್ರೆಯ ದಂಡೆಯ ದೊಡ್ಡ ಮರಗಳಲ್ಲಿ ಹುಡುಕತಕ್ಕದ್ದು.

ಗೂಗೆಯನ್ನು ಕಂಡುಹಿಡಿಯಲು ರಾತ್ರಿಯೆಲ್ಲ ತಿರುಗಬೇಕಾಗಿಲ್ಲ. ಹಗಲಿನಲ್ಲಿ ಕಾಗೆ, ಗೊರವಂಕ ಮೊದಲಾದುವು ಒಂದು ಮರವನ್ನು ಮುತ್ತಿ ಅರಚುತ್ತಿದ್ದರೆ ಅಲ್ಲಿ ಗೂಗೆಯಿರಬಹುದು. ಬಂಡೆಯ ಮೇಲೆ, ಗೋಡೆಯ ಸಂದಿನ ಕೆಳಗೆ ಸುಣ್ಣ ಬಳಿದಂತೆ ಬಿಳಿಯ ಹಿಕ್ಕೆಯಿದ್ದರೆ ಅದೂ ಒಂದು ಗುರುತು. ಎಲ್ಲಕ್ಕಿಂತ ನಂಬತಕ್ಕ ಸಾಕ್ಷಿಯೆಂದರೆ ಉಗುಳುಂಡೆ. ಗೂಗೆಯು ಇಲಿಯನ್ನು ಬಹುಮಟ್ಟಿಗೆ ಇಡಿಯಾಗಿಯೇ ನುಂಗಿ, ಅರಗದ ಕೂದಲು ಎಲುಬುಗಳನ್ನು ಉಂಡೆಮಾಡಿ ಬಾಯಿಂದ ಹೊರಹಾಕುವುದು. ಒಣಗಿದ ಉಂಡೆಯನ್ನು ನೀರಿನಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ ಇಲಿಯ ಬುರುಡೆಗಳೂ ಹಳದಿ ಬಾಚಿಹಲ್ಲುಗಳೂ ದೊರೆಯುವುವು. ಹಾಲಕ್ಕಿಯ ಉಂಡೆಯಲ್ಲಾದರೋ ದುಂಬಿಯ ರೆಕ್ಕೆಯ ಚಿಪ್ಪುಗಳೇ ಹೆಚ್ಚು. ಈ ಬುರುಡೆಗಳನ್ನು ಊರಿನ ಕಟ್ಟೆಯ ಮೇಲೆ ಎಣಿಸಿ ತೋರಿಸಿದರೆ, ನೂರು ಮಾತಿನಿಂದ ಹೋಗದ ಅಂಜಿಕೆಯು ಹೋಗುವುದು. ಉಂಡೆಯನ್ನು ಮುಟ್ಟಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯುವುದು ಅವಶ್ಯ.

ಗೂಗೆಗೆ ಈಗ ಒದಗಿರುವ ಅಪಾಯಗಳು ಮೂರು. ಮೊದಲನೆಯದು ಮಾಟದ ವ್ಯಾಪಾರ. 2018ರಲ್ಲಿ ತೆಲಂಗಾಣದ ಚುನಾವಣೆಯ ಮುನ್ನ, ಕಲಬುರಗಿ ಜಿಲ್ಲೆಯ ಸೇಡಂ ಕಡೆಯಲ್ಲಿ ಗೂಗೆಗಳನ್ನು ಮಾರಲು ಹೊರಟವರನ್ನು ಪೊಲೀಸರು ಹಿಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಗೂಗೆಯನ್ನು ಹಿಡಿಯುವುದೂ, ಕೊಲ್ಲುವುದೂ, ಮಾರುವುದೂ ಅಪರಾಧವಾಗಿರುತ್ತದೆ. ಎರಡನೆಯದು ನೆಲೆಯ ನಾಶ. ಕೊಂಬಿನ ಗೂಗೆಯು ಬಂಡೆಯ ಚಾಚಿನಲ್ಲಿ ಬರಿಯ ನೆಲದ ಮೇಲೆಯೇ ಮೊಟ್ಟೆಯಿಡುವುದು. ಗುಡ್ಡವನ್ನು ಒಡೆದಲ್ಲಿ ಅದಕ್ಕೆ ಮನೆಯಿಲ್ಲ. ಮೂರನೆಯದು ವಿಷ. ಬ್ರೋಮಡಿಯೋಲೋನಿನಂಥ ವಿಷವನ್ನು ತಿಂದ ಇಲಿಯು ಕೂಡಲೇ ಸಾಯದೆ ಕೆಲವು ದಿನ ಮಂಕಾಗಿ ತಿರುಗುವುದು. ಅದನ್ನು ಹಿಡಿದು ತಿಂದ ಗೂಗೆಯ ದೇಹಕ್ಕೂ ಆ ವಿಷ ಸೇರುವುದು. ಹೀಗೆ ರೈತನು ಇಲಿಗೆ ಇಟ್ಟ ತುತ್ತು ತನ್ನ ಕಾವಲುಗಾರನಿಗೇ ಮುಟ್ಟುವುದು.

ಗೂಗೆಯೊಂದರಿಂದಲೇ ಇಲಿಯ ಪೀಡೆಯು ಪೂರ್ಣವಾಗಿ ತೀರುವುದೆಂದು ಹೇಳಲಾಗದು. ಬದುಗಳನ್ನು ಕಿರಿದಾಗಿಟ್ಟು ಕಳೆ ತೆಗೆಯುವುದು, ಬಿಲಗಳನ್ನು ಅಗೆದು ಮುಚ್ಚುವುದು, ಊರಿನವರೆಲ್ಲ ಏಕಕಾಲದಲ್ಲಿ ಬೋನುಗಳನ್ನಿಡುವುದು ಇವೂ ನಡೆಯಬೇಕು. ಭತ್ತದ ಗದ್ದೆಯಲ್ಲಿ ಪೈರಿಗಿಂತ ಎತ್ತರವಾಗಿ ಅಡ್ಡಪಟ್ಟಿಯ ಗೂಟಗಳನ್ನು ನೆಟ್ಟರೆ ಗೂಗೆಯು ಅವುಗಳ ಮೇಲೆ ಕುಳಿತು ಬೇಟೆಯಾಡುವುದು. ಇಸ್ರೇಲ್ ದೇಶದ ರೈತರು 1980ರ ದಶಕದಿಂದ ಕಣಜದ ಗೂಗೆಗಾಗಿ ಹೊಲಗಳಲ್ಲಿ ಮರದ ಗೂಡುಪೆಟ್ಟಿಗೆಗಳನ್ನು ನಿಲ್ಲಿಸಿ ಪ್ರಯೋಜನ ಪಡೆದಿರುವರು. ಇಲ್ಲಿ ಪೆಟ್ಟಿಗೆಗಿಂತ ಮುಂಚೆ ಮಾಡತಕ್ಕದ್ದು, ಇದ್ದ ಪೊಟರೆಯ ಮರವನ್ನು ಕಡಿಯದಿರುವುದು.

ಇನ್ನೊಂದು ಎಚ್ಚರಿಕೆ. ಚಳಿಗಾಲ ಬೇಸಗೆಗಳಲ್ಲಿ ಕುರಿಗಾಹಿಗಳು ಗುಡ್ಡದ ನೆಲದ ಮೇಲೆ ಗೂಗೆಯ ಮರಿಯನ್ನು ಕಂಡರೆ ಅದನ್ನು ಅನಾಥವೆಂದು ಎತ್ತಿಕೊಂಡು ಬರಬಾರದು. ಕೊಂಬಿನ ಗೂಗೆಯ ಮರಿಗಳು ಹಾರಲು ಕಲಿಯುವ ಮುನ್ನವೇ ನಡೆದಾಡುವುವು; ತಾಯಿತಂದೆಗಳು ಸಮೀಪದಲ್ಲಿಯೇ ಇರುವುವು. ಗೂಡಿನ ಮೇಲೆ ಬ್ಯಾಟರಿಯ ಬೆಳಕು ಬಿಡುವುದೂ, ನಾಯಿಗಳನ್ನು ಹತ್ತಿರ ಒಯ್ಯುವುದೂ ಕೂಡದು. ಗಾಯಗೊಂಡ ಗೂಗೆಯು ಸಿಕ್ಕಿದಲ್ಲಿ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು.

ಹಗಲು ಹೊಲ ಕಾಯುವವನಿಗೆ ಕೂಲಿಯುಂಟು, ಊಟವುಂಟು. ಇರುಳು ಕಾಯುವ ಈ ಆಳಿಗೆ ಕೊಡಬೇಕಾದುದು ಒಂದು ಪೊಟರೆ, ಒಂದು ಬಂಡೆ, ವಿಷವಿಲ್ಲದ ಇಲಿ. ಅಷ್ಟನ್ನು ಕೊಟ್ಟು, ಅದರ ಕೂಗನ್ನು ಕೇಳಿದಾಗ ಕಲ್ಲನ್ನು ಕೆಳಗಿಡುವ ರೈತನಿಗೆ ರಾಶಿಯ ಕಾಲದಲ್ಲಿ ನಷ್ಟವಾಗದು.