ಹಾರಲು ಯೋಗ್ಯ



‘ಯೋಗ್ಯ’ ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಇದರ ಮೂಲ ಸಂಸ್ಕೃತದ ‘ಯುಜ್’ ಎಂಬ ಧಾತು. ಹೂಡು, ಕೂಡಿಸು ಎಂದು ಅದರ ಅರ್ಥ. ನೊಗಕ್ಕೆ ಹೂಡಲು ತಕ್ಕದ್ದು ಯಾವುದೋ ಅದು ಯೋಗ್ಯ. ಕುಷ್ಟಗಿಯ ಕಡೆಯ ರೈತ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮನಸ್ಸು ಒಪ್ಪದಿದ್ದರೆ ಮಾರುವವನು ಎಷ್ಟು ಹೊಗಳಿದರೂ ಹಗ್ಗಕ್ಕೆ ಕೈಯೊಡ್ಡುವುದಿಲ್ಲ. ವಿಮಾನದ ವಿಷಯದಲ್ಲಿಯೂ ಹೀಗೆ ಒಪ್ಪದೆ ನಿಲ್ಲಬಲ್ಲವನೊಬ್ಬ ಉಂಟು. ಇಂದು ಅವನ ವಿಚಾರ ಹೇಳಬೇಕೆಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಅಣ್ಣ ಬೆಂಗಳೂರಿನಲ್ಲಿ ಕಾಯಿಲೆಯಾಗಿ ಮಲಗಿದ್ದ. ಕೊಪ್ಪಳದಿಂದ ಹುಬ್ಬಳ್ಳಿಗೆ ಧಾವಿಸಿ ವಿಮಾನಕ್ಕೆ ಕಾದು ಕುಳಿತೆ. ‘ತಾಂತ್ರಿಕ ಕಾರಣ’ ಎಂದರು. ಎರಡು ತಾಸು ಕಳೆದ ಮೇಲೆ ವಿಮಾನವೇ ಹೊರಡುವುದಿಲ್ಲವೆಂದರು. ಎಲ್ಲರೊಡನೆ ನಾನೂ ಕೂಗಾಡಿದೆ. ರಾತ್ರಿಯ ಬಸ್ಸು ಹಿಡಿದು ಹೋಗಿ ಸೇರುವಷ್ಟರಲ್ಲಿ ಅಣ್ಣನ ಮಾತು ನಿಂತುಹೋಗಿತ್ತು. ಆ ಸಿಟ್ಟು ನನ್ನಲ್ಲಿ ಬಹುದಿನ ಉಳಿಯಿತು.

ಮುಂದೆ ಗವಿಮಠದ ಜಾತ್ರೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ಯಲಬುರ್ಗಾ ತಾಲೂಕಿನವನು, ವಿಮಾನಗಳನ್ನು ಪರೀಕ್ಷಿಸುವ ಎಂಜಿನಿಯರ್. ನನ್ನ ದೂರನ್ನೆಲ್ಲ ಕೇಳಿ, ತಮ್ಮ ಕೆಲಸದ ಬಗೆಯನ್ನು ಬಿಡಿಸಿ ಹೇಳಿದ.

ವೈದ್ಯ ನಾಡಿ ಹಿಡಿಯುವಂತೆ ಇವರು ಎಂಜಿನಿನ ಎಣ್ಣೆಯನ್ನು ನೋಡುತ್ತಾರೆ. ಎಣ್ಣೆ ಹರಿಯುವ ದಾರಿಯಲ್ಲಿ ಸಣ್ಣ ಸೂಜಿಗಲ್ಲೊಂದು ಇರುತ್ತದೆ. ಅದಕ್ಕೆ ಕಬ್ಬಿಣದ ಚೂರು ಅಂಟಿದ್ದರೆ ಒಳಗೆ ಏನೋ ಸವೆಯುತ್ತಿದೆಯೆಂದು ತಿಳಿಯಬೇಕು. ಎಂಜಿನನ್ನು ಬಿಚ್ಚದೆ, ಬೆರಳಿಗಿಂತ ತೆಳುವಾದ ನಳಿಗೆಯನ್ನು ಒಳಗಿಳಿಸಿ, ಅದರ ತುದಿಯ ಕಣ್ಣಿನಿಂದ ಒಂದೊಂದು ಅಲಗನ್ನೂ ನೋಡುತ್ತಾರೆ. ಆ ನಳಿಗೆಗೆ ಬೋರೋಸ್ಕೋಪ್ ಎಂದು ಹೆಸರು. ಅಲಗುಗಳನ್ನು ಹೊತ್ತು ತಿರುಗುವ ಗಾಲಿಗಳಿಗೆ ಆಯುಷ್ಯ ಗೊತ್ತುಮಾಡಿರುತ್ತಾರೆ. ಒಮ್ಮೆ ಏರಿ ಇಳಿದರೆ ಒಂದು ಎಣಿಕೆ. ಎಣಿಕೆ ತುಂಬಿತೆಂದರೆ, ಕಣ್ಣಿಗೆ ಹೊಸದರಂತೆ ಕಂಡರೂ, ಗಾಲಿಯನ್ನು ತೆಗೆದುಹಾಕಬೇಕು.

ಹಾಗೆಂದು ಸಣ್ಣ ಕುಂದಿಗೆಲ್ಲ ವಿಮಾನ ನಿಲ್ಲುವುದಿಲ್ಲ. ಯಾವ ಕುಂದಿದ್ದರೆ ಹಾರಬಹುದು, ಎಷ್ಟು ದಿನದೊಳಗೆ ಅದನ್ನು ಸರಿಪಡಿಸಬೇಕು ಎಂಬ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. ಗದ್ದಲದ ಹೊತ್ತಿನಲ್ಲಿ ಚೌಕಾಸಿಗೆ ಎಡೆಯಿರಬಾರದೆಂಬುದೇ ಇದರ ಮರ್ಮ. ಕೊನೆಗೆ ಪರವಾನಿಗೆ ಪಡೆದ ಎಂಜಿನಿಯರ್ ತನ್ನ ಹೆಸರಿನಲ್ಲಿ ಸಹಿ ಹಾಕಬೇಕು. ಆಮೇಲೂ ಚಾಲಕ ಒಪ್ಪದಿದ್ದರೆ ವಿಮಾನ ಹೊರಡದು.

ನೋಡುವ ಕಣ್ಣು ತಪ್ಪಿದರೆ ಏನಾಗುತ್ತದೆ? 1989ರ ಜುಲೈ 19ರಂದು ಅಮೆರಿಕದಲ್ಲಿ ಡಿಸಿ-10 ವಿಮಾನವೊಂದರ ಬಾಲದ ಎಂಜಿನಿನ ಗಾಲಿ ಆಕಾಶದಲ್ಲೇ ಸಿಡಿಯಿತು. ವಿಮಾನವು ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿ 112 ಜನ ಮಡಿದರು. ಗಾಲಿಯಲ್ಲಿದ್ದ ಬಿರುಕು ಹಿಂದಿನ ತಪಾಸಣೆಯಲ್ಲಿ ಕಣ್ಣಿಗೆ ಬೀಳದೆ ಹೋಗಿತ್ತೆಂದು ತನಿಖೆ ತಿಳಿಸಿತು.

ನಮ್ಮ ದೇಶದಲ್ಲೂ ಪರೀಕ್ಷೆಯ ಕಾಲ ಬಂದಿತ್ತು. ಪ್ರ್ಯಾಟ್ ಅಂಡ್ ವಿಟ್ನಿಯವರ ಹೊಸ ಬಗೆಯ ಎಂಜಿನುಗಳಲ್ಲಿ ದೋಷ ಕಂಡುಬಂದುದರಿಂದ ವಿಮಾನಯಾನ ಮಹಾನಿರ್ದೇಶನಾಲಯವು 2018ರ ಮಾರ್ಚಿಯಲ್ಲಿ 11 ವಿಮಾನಗಳನ್ನು ನೆಲಕ್ಕೆ ಕಟ್ಟಿಹಾಕಿತು. ಎಂಟು ಇಂಡಿಗೋದವು, ಮೂರು ಗೋಏರ್‌ನವು. ಮರುದಿನ ಎಷ್ಟೋ ಯಾನಗಳು ರದ್ದಾದವು, ಜನ ಬೈದರು. 2019ರ ನವೆಂಬರಿನಲ್ಲಿ ಇಂಡಿಗೋದ 97 ವಿಮಾನಗಳಿಗೂ ಮಾರ್ಪಡಿಸಿದ ಎಂಜಿನುಗಳನ್ನು ಕೂಡಿಸಬೇಕೆಂದು ಆಜ್ಞೆಯಾಯಿತು. 2020ರ ಜನವರಿ 31 ಎಂದಿದ್ದ ಗಡುವು ಮುಂದಕ್ಕೆ ಹೋಯಿತು. ಬೇಕೆಂದ ಗಳಿಗೆಗೆ ಬದಲಿ ಎಂಜಿನು ಒದಗುವ ವಸ್ತುವಲ್ಲ.

ಈ ವಿದ್ಯೆ ಕನ್ನಡನಾಡಿಗೆ ಹೊಸದೇನೂ ಅಲ್ಲ. ವಾಲಚಂದ್ ಹೀರಾಚಂದರೂ ಮೈಸೂರು ಸರ್ಕಾರವೂ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಕಾರ್ಖಾನೆಯಲ್ಲಿ, ಮಹಾಯುದ್ಧದ ವರ್ಷಗಳಲ್ಲಿಯೇ ಅಮೆರಿಕದ ಸೇನಾ ವಿಮಾನಗಳನ್ನು ದುರಸ್ತಿ ಮಾಡುತ್ತಿದ್ದರು. ಇಂದು ನಮ್ಮ ಗಂಗಾವತಿ, ಯಲಬುರ್ಗಾದ ಹುಡುಗರೂ ಅದೇ ದಾರಿ ಹಿಡಿಯಬಲ್ಲರು.

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಮನಸ್ಸಿನ ಮುಳ್ಳು ಹೋಗಲಿಲ್ಲ. “ಅಂದು ಆ ವಿಮಾನ ಹೊರಟಿದ್ದರೆ ಬೆಂಗಳೂರು ಮುಟ್ಟುತ್ತಿರಲಿಲ್ಲವೇನಪ್ಪಾ?” ಎಂದು ಕೇಳಿಯೇಬಿಟ್ಟೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಬಹುಶಃ ಮುಟ್ಟತಿತ್ತ್ರಿ ಸರ್. ಆದ್ರ ಆ ‘ಬಹುಶಃ’ದ ಮ್ಯಾಲೆ ಸಹಿ ಹಾಕಾಕ ಬರೂದಿಲ್ರಿ” ಎಂದ.

ಅಣ್ಣನೊಡನೆ ಕೊನೆಯ ಮಾತಾಡಲಿಲ್ಲವೆಂಬ ಕೊರಗು ನನಗೆ ಇಂದಿಗೂ ಇದೆ. ಆದರೆ ಅಂದು ಸಹಿ ಹಾಕದೆ ನಿಂತ, ಹೆಸರು ಕೂಡ ಅರಿಯದ ಆ ಮನುಷ್ಯನ ಮೇಲಿನ ಸಿಟ್ಟು ಉಳಿದಿಲ್ಲ. ನೀವೂ ಎಂದಾದರೊಮ್ಮೆ ವಿಮಾನ ನಿಲ್ದಾಣದಲ್ಲಿ ತಾಸುಗಟ್ಟಲೆ ಕಾಯಬೇಕಾಗಿ ಬಂದರೆ, ಕೂಗುವ ಮೊದಲು ಅಂಥವನೊಬ್ಬನನ್ನು ನೆನೆಯಿರಿ.