ಚದುರಿದ ಬಾರಾಮಹಲಿನ ಚಿತ್ರಗಳು



ರಾಯಕೋಟೆಯ ಬೆಟ್ಟವನ್ನು ನಾವು ದಿನವೂ ಕಾಣುತ್ತೇವೆ. ಅದರ ಹಳೆಯ ಚಿತ್ರವನ್ನು ಕಂಡವರು ನಮ್ಮಲ್ಲಿ ವಿರಳ. 1792ರಲ್ಲಿ, ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಟಿಪ್ಪುವಿನ ಕೈತಪ್ಪಿದ ವರ್ಷವೇ, ಆಂಗ್ಲ ಚಿತ್ರಕಾರ ಥಾಮಸ್ ಡೇನಿಯಲ್ ತನ್ನ ಸೋದರಪುತ್ರ ವಿಲಿಯಮನೊಡನೆ ಇತ್ತ ಬಂದು ರಾಯಕೋಟೆ, ಜಗದೇವಿ, ವೀರಭದ್ರದುರ್ಗಗಳನ್ನು ಚಿತ್ರಿಸಿದನು. ಮರುವರ್ಷ ಮದರಾಸಿನಲ್ಲಿ ಲಾಟರಿ ನಡೆಸಿ ತಮ್ಮ ವರ್ಣಚಿತ್ರಗಳನ್ನು ವಿಕ್ರಯಿಸಿದರು. ಗೆದ್ದವರೊಡನೆ ಚಿತ್ರಗಳೂ ದಿಕ್ಕುಪಾಲಾದವು. ಲಾಟರಿಯ ಚೀಟಿ ಚರಿತ್ರೆಗೂ ಅಂಟಿಕೊಂಡಿತೆನ್ನಬೇಕು! ಈ ಇಬ್ಬರ ರೇಖಾಚಿತ್ರಗಳಲ್ಲಿ ಕೆಲವು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಕೆಲವು ಅಲ್ಲಿಯ ವಾಸ್ತುಶಿಲ್ಪಿಗಳ ಸಂಸ್ಥೆಯಲ್ಲಿವೆ, ಕೆಲವು ಖಾಸಗಿಯವರ ವಶದಲ್ಲಿವೆ. ತೈಲಚಿತ್ರಗಳು ಹಲವು ಕಲ್ಕತ್ತೆಯ ವಿಕ್ಟೋರಿಯಾ ಸ್ಮಾರಕದಲ್ಲಿವೆ.

ವಿದುಷಿ ಮಿಲ್ಡ್ರೆಡ್ ಆರ್ಚರ್ 1980ರಲ್ಲಿ ಇವರ ಪ್ರಯಾಣವನ್ನೂ ಚಿತ್ರಗಳನ್ನೂ ಒಂದೇ ಗ್ರಂಥದಲ್ಲಿ ಕೂಡಿಸಿದರು. ಆದರೂ ಲಂಡನ್ನಿನಲ್ಲಿ ಕುಳಿತವರಿಗೆ ಯಾವ ಬಂಡೆ ಯಾವ ಮಗ್ಗುಲಿನದೆಂದು ತಿಳಿಯುವುದು ಸುಲಭವಲ್ಲ. ಅಲ್ಲಿ ದನ ಮೇಯಿಸಿದ ನಮ್ಮ ಹಿರಿಯರು ಹೇಳಬಲ್ಲರು. ಅಚ್ಚಿನಲ್ಲಿ ‘ವೆರಪಡ್ರೂಗ್’ ಎಂದಿರುವುದು ನಮ್ಮ ವೀರಭದ್ರದುರ್ಗವೇ! ಮುದ್ರಣಕ್ಕೆಂದು ಮುನ್ನೆಲೆಯಲ್ಲಿ ಮರ, ಮನುಷ್ಯರನ್ನು ಸೇರಿಸಿರಬಹುದು. ಅವನ್ನು ನಂಬದೆ ಬೆಟ್ಟದ ನೆತ್ತಿಯ ಗೆರೆಯನ್ನು ನಂಬಬೇಕು.

ಪ್ರತಿಗಳನ್ನು ಹಿಂಬದಿಯ ಗೋಡೆಗೆ ತೂಗಿಸಿದ್ದೇವೆ. ಸ್ಥಳವನ್ನು ಗುರುತಿಸಿದವರು ಯಾವ ಊರಿನ ದಾರಿಯಲ್ಲಿ ನಿಂತರೆ ಆ ನೋಟ ಕಾಣುವುದೆಂದು ಕೆಳಗಿನ ಕಾಗದದಲ್ಲಿ ಬರೆದಿಡಬೇಕೆಂದು ಕೋರುತ್ತೇವೆ.